ಸಿಡುಕಿ ಅನ್ನುವ ಮೊದಲು

(ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳ ಮಹಿಳಾ ಸ್ವ-ಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತು)



ಹೊಲದ ಕೆಲಸ, ಮನೆ ಕೆಲಸ ಎಲ್ಲಾ ಬಿಟ್ಟು ಮೂರೂ ತಾಲೂಕಿನಿಂದ ಬಂದು ಕೂತಿದ್ದೀರಿ. ಪ್ರತಿ ಸಲ ನಾವು ಉಳಿತಾಯ, ಸಾಲ, ಮರುಪಾವತಿ ಅಂತ ಮಾತಾಡುತ್ತೇವೆ. ಇವತ್ತು ಒಂದು ಶಬ್ದದ ಬಗ್ಗೆ ಮಾತಾಡೋಣ. ಶಬ್ದಕ್ಕೂ ಸಂಘಕ್ಕೂ ಏನು ಸಂಬಂಧ ಅಂತ ನಿಮಗೆ ಅನ್ನಿಸಬಹುದು. ಒಂದು ಶಬ್ದದಿಂದ ನಮ್ಮ ಒಂದು ಸಂಘ ಒಡೆಯುವ ಹಂತಕ್ಕೆ ಬಂದಿತ್ತು. ಅದರಲ್ಲಿ ನಮ್ಮ ತಪ್ಪೂ ಇತ್ತು. ಅದನ್ನು ಮುಚ್ಚಿಡದೆ ಹೇಳುತ್ತೇವೆ. ಅದಕ್ಕೂ ಮೊದಲು ಒಂದು ನಗುವ ಸಂಗತಿ ಕೇಳಿ.

ಅಫಜಲಪುರ ಕಡೆಯ ಒಂದು ಸಂಘದ ಸಭೆಗೆ ಸದಸ್ಯೆಯೊಬ್ಬರ ಮಗಳು ಬಂದಿದ್ದಳು. ಕಲಬುರಗಿಯಲ್ಲಿ ಕಾಲೇಜು ಓದುವ ಹುಡುಗಿ. ತಾಯಿ ಏನೋ ಗದರಿಸಿದ್ದಕ್ಕೆ, "ನೋಡ್ರಿ, ನಮ್ಮವ್ವ ಈಗೀಗ ಭಾಳ ಕ್ರ್ಯಾಂಕಿ ಆಗ್ಯಾಳ" ಅಂದಳು. ಎಲ್ಲರೂ ಮುಖ ಮುಖ ನೋಡಿಕೊಂಡರು. ಹಿರಿಯಕ್ಕ ಒಬ್ಬರು, "ಎಂಜಿನ್ನಾಗ ಕ್ರ್ಯಾಂಕ್ ಇರ್ತದಲ್ಲ, ಅದೇನವಾ?" ಅಂತ ಕೇಳಿದರು. ಅವರ ಮನೆಯವರು ಭೀಮಾ ನದಿ ದಂಡೆಯ ಹೊಲದಲ್ಲಿ ಡೀಸೆಲ್ ಎಂಜಿನ್ ಹಚ್ಚಿ ನೀರು ಎತ್ತುತ್ತಿದ್ದರಂತೆ. ಹುಡುಗಿ ಬಿದ್ದು ಬಿದ್ದು ನಕ್ಕಳು. "ಅದಲ್ಲ ಅಮ್ಮಾ, ಕ್ರ್ಯಾಂಕಿ ಅಂದ್ರ ಸಿಡುಕಿ, ಸುಮ್ಮಸುಮ್ಮನ ಸಿಟ್ಟಿಗೇಳೋರು" ಅಂತ ಅರ್ಥ ಹೇಳಿದಳು. ನಾವೂ ನಕ್ಕೆವು. ಆದರೆ ಆಮೇಲೆ ವಿಚಾರಿಸಿ ನೋಡಿದಾಗ ಗೊತ್ತಾಯಿತು: ಹಿರಿಯಕ್ಕ ಹೇಳಿದ್ದೂ ಸರಿಯೇ ಇತ್ತು. ಎಂಜಿನ್ನಿನ ಕ್ರ್ಯಾಂಕಿಗೂ ಸಿಡುಕುವ ಕ್ರ್ಯಾಂಕಿಗೂ ಬೇರು ಒಂದೇ.

ಒಂದು ಇಂಗ್ಲಿಷ್ ಶಬ್ದದ ಪ್ರಯಾಣ

ಸಾವಿರ ವರ್ಷಕ್ಕೂ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ಈ ಶಬ್ದ ನೇಕಾರರ ಒಂದು ಸಲಕರಣೆಯ ಹೆಸರಿನಲ್ಲಿ ಸಿಗುತ್ತದೆ. ಬೇರಿನ ಅರ್ಥ ಬಾಗಿದ್ದು, ಮಡಚಿಕೊಂಡದ್ದು. ಎಂಜಿನ್ನಿನ ಕ್ರ್ಯಾಂಕ್ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಅದು ಸೊಟ್ಟಗೆ ಬಾಗಿದ ಕಬ್ಬಿಣ. ಮೇಲೆ ಕೆಳಗೆ ಹೊಡೆಯುವ ಬಲವನ್ನೆಲ್ಲ ತಾನು ತಿಂದು ಅದು ಚಕ್ರ ತಿರುಗಿಸುತ್ತದೆ.

ಇದೇ ಬೇರಿನ ಶಬ್ದ ಜರ್ಮನ್ ಭಾಷೆಯಲ್ಲೂ ಇದೆ. ಅಲ್ಲಿ ಇವತ್ತಿಗೂ 'ಕ್ರಾಂಕ್' ಅಂದರೆ ಕಾಯಿಲೆಯವರು. ಆಸ್ಪತ್ರೆಗೆ ಅವರು 'ಕ್ರಾಂಕನ್ ಹೌಸ್' ಅನ್ನುತ್ತಾರೆ, ಅಂದರೆ ಕಾಯಿಲೆಯವರ ಮನೆ. ನಮ್ಮ ಕನ್ನಡಕ್ಕೆ 1894ರಲ್ಲಿ ದೊಡ್ಡ ಕನ್ನಡ-ಇಂಗ್ಲಿಷ್ ನಿಘಂಟು ಮಾಡಿಕೊಟ್ಟ ಫರ್ಡಿನೆಂಡ್ ಕಿಟೆಲ್ ಅವರ ತಾಯ್ನಾಡಿನ ಮಾತು ಅದು. ಕಾಯಿಲೆ ಬಿದ್ದವರು ಮೈ ಮುದುಡಿಕೊಂಡು, ಬಾಗಿ ಮಲಗುತ್ತಾರಲ್ಲ? ಬಾಗುವುದಕ್ಕೂ ಬೇನೆಗೂ ಅಷ್ಟು ಹತ್ತಿರ.

ಇಂಗ್ಲಿಷಿನಲ್ಲೂ 18ನೇ ಶತಮಾನದ ಕೊನೆಯಲ್ಲಿ 'ಕ್ರ್ಯಾಂಕಿ' ಅಂದರೆ ಮೈಯಲ್ಲಿ ಹುಷಾರಿಲ್ಲದವರು ಎಂಬ ಅರ್ಥವೇ ಇತ್ತು. ಹಡಗಿನವರು ಒಂದು ಕಡೆ ವಾಲುವ ಹಡಗಿಗೆ ಇದೇ ಮಾತು ಬಳಸುತ್ತಿದ್ದರು. ಕೀಲು ಸಡಿಲಾಗಿ ಗಡಗಡ ಅನ್ನುವ ಯಂತ್ರಕ್ಕೂ ಕ್ರ್ಯಾಂಕಿ ಅಂದರು. 19ನೇ ಶತಮಾನ ಬಂದ ಹಾಗೆ ಸಿಡುಕುವವರು ಎಂಬ ಅರ್ಥ ಬಲವಾಯಿತು. ಇವತ್ತು ಅದೊಂದೇ ಎಲ್ಲರಿಗೂ ಗೊತ್ತು.

ಸಹೋದರಿಯರೇ, ಇಲ್ಲಿ ಏನಾಯಿತು ನೋಡಿ. ಮೊದಲು ಆ ಮಾತು ಕೇಳಿದವರು, "ಅಯ್ಯೋ ಪಾಪ, ಆಕೆಗೆ ಮೈಯಾಗ ಹುಷಾರಿಲ್ಲ" ಅಂದುಕೊಳ್ಳುತ್ತಿದ್ದರು. ಈಗ ಅದೇ ಮಾತು ಕೇಳಿದವರು, "ಆಕಿ ಗುಣಾನೇ ಹಂಗ" ಅನ್ನುತ್ತಾರೆ. ಶಬ್ದದೊಳಗಿನ ಬೇನೆ ಉದುರಿಹೋಯಿತು, ಬೈಗುಳ ಮಾತ್ರ ಉಳಿಯಿತು.

ನಮ್ಮ ಮಾತುಗಳು ಏನು ಹೇಳುತ್ತವೆ?

ಇದು ಇಂಗ್ಲಿಷಿನ ಕತೆ ಮಾತ್ರ ಅಂದುಕೊಳ್ಳಬೇಡಿ. ನಮ್ಮ ಸಿಡುಕು ಎಂಬ ಮಾತನ್ನೇ ತೆಗೆದುಕೊಳ್ಳಿ. ಇದರ ಹತ್ತಿರದ ನಂಟ 'ಸಿಡಿ'. ಸಿಡಿಲು, ಸಿಡಿಮದ್ದು ಎಲ್ಲ ಆ ಬಳಗದವೇ. ಒಗ್ಗರಣೆಯಲ್ಲಿ ಸಾಸಿವೆ ಸಿಡಿಯುತ್ತದೆ. ಡಬ್ಬಿಯಲ್ಲಿ ಇದ್ದಾಗ ಅದು ಸಿಡಿಯುತ್ತದೆಯೇ? ಇಲ್ಲ, ತಣ್ಣಗೆ ಬಿದ್ದಿರುತ್ತದೆ. ಕಾದ ಎಣ್ಣೆಗೆ ಬಿದ್ದಾಗ ಚಟಪಟ ಅನ್ನುತ್ತದೆ. ಹಾಗಾದರೆ ತಪ್ಪು ಸಾಸಿವೆಯದೋ, ಎಣ್ಣೆಯ ಕಾವಿನದೋ? ನಾವು ಸಿಡುಕಿ ಅಂತ ಹೆಸರಿಡುವಾಗ ಸಾಸಿವೆಯನ್ನು ಮಾತ್ರ ನೋಡುತ್ತೇವೆ, ಒಲೆ ನೋಡುವುದಿಲ್ಲ.

ಕಿರಿಕಿರಿ ಅಂತೀವಿ. ರೊಟ್ಟಿ ಹಿಟ್ಟಿನಲ್ಲಿ ಸಣ್ಣ ಮಳಲು ಸೇರಿದರೆ ಹಲ್ಲಿಗೆ ಸಿಕ್ಕು ಕಿರಿಕಿರಿ ಅನ್ನುತ್ತದೆ. ಮಳಲು ಕಣ್ಣಿಗೆ ಕಾಣುವುದಿಲ್ಲ. ಆದರೆ ತಿನ್ನುವವರಿಗೆ ಗೊತ್ತು.

ಕೋಪ ಅನ್ನುವುದು ಸಂಸ್ಕೃತದಿಂದ ಬಂದ ಮಾತು. ಬೇರಿನ ಅರ್ಥ ಅಲ್ಲೋಲಕಲ್ಲೋಲ ಆಗು, ಕುದಿ. ಪಿತ್ತ ಪ್ರಕೋಪ ಅಂತ ವೈದ್ಯರು ಹೇಳುತ್ತಾರೆ, ಅದು ಈ ಬೇರಿನಿಂದ ಬಂದದ್ದು. ಪ್ರಕೃತಿ ವಿಕೋಪ ಪರಿಹಾರ ಅಂತ ತಹಸೀಲ್ದಾರ್ ಕಚೇರಿಯಲ್ಲಿ ಅರ್ಜಿ ಬರೆಸಿದ್ದು ನೆನಪಿದೆಯೇ? 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿ ಅಫಜಲಪುರ, ಜೇವರ್ಗಿ ಹಳ್ಳಿಗಳಿಗೆ ನೀರು ನುಗ್ಗಿದಾಗ ಈ ಮಾತು ಎಲ್ಲರ ಬಾಯಲ್ಲಿತ್ತು. ಆ 'ವಿಕೋಪ'ವೂ ಇದೇ ಬೇರಿನದು. ಹೊಳೆ ಉಕ್ಕಿತು ಅಂದರೆ ನಾವು ಹೊಳೆಯ ಗುಣ ಕೆಟ್ಟದ್ದು ಅನ್ನುವುದಿಲ್ಲ. ಮೇಲೆ ಎಷ್ಟು ಮಳೆ ಬಿತ್ತು, ಎಲ್ಲಿಂದ ಎಷ್ಟು ನೀರು ಬಿಟ್ಟರು ಅಂತ ಕೇಳುತ್ತೇವೆ. ಮನೆಯ ಹೆಣ್ಣುಮಗಳು ಉಕ್ಕಿದರೆ ಮಾತ್ರ ಯಾರೂ ಅದನ್ನು ಕೇಳುವುದಿಲ್ಲ.

ಆಳಂದದ ನಮ್ಮ ಮುಸ್ಲಿಂ ಸಹೋದರಿಯರು ಮಿಜಾಜ್ ಅನ್ನುತ್ತಾರೆ. ಅರಬ್ಬಿಯಿಂದ ಬಂದ ಮಾತು. ಅದರ ಮೂಲ ಅರ್ಥ ಬೆರಕೆ, ಮಿಶ್ರಣ. ಮೈಯೊಳಗಿನ ರಸಗಳು ಹದವಾಗಿ ಬೆರೆತರೆ ಮಿಜಾಜ್ ಚೆನ್ನಾಗಿರುತ್ತದೆ, ಹದ ತಪ್ಪಿದರೆ ಕೆಡುತ್ತದೆ ಅಂತ ಯುನಾನಿ ವೈದ್ಯರ ಲೆಕ್ಕ. ಇಂಗ್ಲಿಷಿನ 'ಟೆಂಪರ್' ಕೂಡ ಹದವಾಗಿ ಬೆರೆಸುವುದು ಎಂಬ ಲ್ಯಾಟಿನ್ ಮಾತಿನಿಂದ ಬಂದದ್ದು. ಅಡುಗೆ ಮಾಡುವ ನಮಗೆ ಇದನ್ನು ಬೇರೆಯವರು ಹೇಳಿಕೊಡಬೇಕೇ? ಬ್ಯಾಳಿಗೆ ಉಪ್ಪು ಹೆಚ್ಚಾದರೆ ಬ್ಯಾಳಿಯನ್ನು ಯಾರೂ ಬೈಯುವುದಿಲ್ಲ.

ನೋಡಿ, ಎಷ್ಟು ಭಾಷೆ, ಎಷ್ಟು ದೇಶ. ಬಾಗಿದ್ದು, ಬೇನೆ, ಕಾವು, ಮಳಲು, ಕುದಿ, ಹದ ತಪ್ಪಿದ ಬೆರಕೆ. ಈ ಮಾತುಗಳನ್ನು ಮೊದಲು ಆಡಿದವರು ಸಿಡುಕಿನ ಹಿಂದೆ ಏನೋ ಒಂದು ಕಾರಣ ಕಂಡಿದ್ದರು.

ಇನ್ನೊಂದು ಮಾತು. ಗಂಡಸು ಸಿಡುಕಿದರೆ ಏನಂತೀವಿ? "ಅಂವ ಭಾಳ ಖಡಕ್ ಮನುಷ್ಯಾ" ಅಂತೀವಿ. ಖಡಕ್ ರೊಟ್ಟಿ, ಖಡಕ್ ಚಹಾ ಇದ್ದ ಹಾಗೆ ಅದು ಹೊಗಳಿಕೆ. ಹೆಂಗಸು ಅದೇ ದನಿಯಲ್ಲಿ ಮಾತಾಡಿದರೆ ಸಿಡುಕಿ, ಗಂಟುಮೋರೆಯವಳು, ಬಾಯಿಬಡುಕಿ. ಈ ಹೆಸರುಗಳನ್ನು ಗಂಡಸರು ಮಾತ್ರ ಇಡುತ್ತಾರೆ ಅನ್ನಬೇಡಿ. ನಾವು ನಾವೇ ಇಟ್ಟುಕೊಳ್ಳುತ್ತೇವೆ. ಅತ್ತೆ ಸೊಸೆಗೆ, ಸೊಸೆ ಅತ್ತೆಗೆ, ಸಂಘದವರು ಸಂಘದವರಿಗೆ.

ನಮ್ಮಿಂದಾದ ತಪ್ಪು

ಈಗ ಆ ಸಂಘದ ಕತೆ. ಊರಿನ ಹೆಸರು ಬೇಡ, ಆ ತಂಗಿಯ ಹೆಸರೂ ಬೇಡ. ಕೆಲವು ವರ್ಷಗಳ ಹಿಂದಿನ ಮಾತು. ಹದಿನೈದು ಜನರ ಸಂಘ. ಚೆನ್ನಾಗಿ ನಡೆಯುತ್ತಿತ್ತು. ಅದರಲ್ಲಿ ಒಬ್ಬ ತಂಗಿ ಪ್ರತಿ ವಾರ ಸಭೆಗೆ ತಡವಾಗಿ ಬರುವಳು. ಬಂದ ಕೂಡಲೇ ಯಾರಾದರೂ ಒಂದು ಮಾತು ಅಂದರೆ ಹರಿಹಾಯುವಳು. ಮೊದಲು ಹಾಗಿರಲಿಲ್ಲ, ಎರಡು ವರ್ಷದಿಂದ ಹೀಗಾಗಿದ್ದಳು. "ನನ್ನ ಪಾಸ್‌ಬುಕ್ಕಿನ ಲೆಕ್ಕ ಸರಿ ಇಲ್ಲ, ತೋರಸ್ರಿ" ಅಂತ ನಾಲ್ಕಾರು ಸಲ ಕೂಗಾಡಿದಳು. "ಆಕಿ ಬಾಯಿ ಸುಮ್ಮನಿರಂಗಿಲ್ಲ ಬಿಡ್ರಿ, ಆಕಿ ಸಿಡುಕಿ" ಅಂತ ಎಲ್ಲರೂ ತಳ್ಳಿಹಾಕಿದರು. ಕೊನೆಗೆ ಸಂಘದಲ್ಲಿ ಶಾಂತಿ ಇರಲಿ ಅಂತ ಆಕೆಯನ್ನು ಬಿಡಿಸಬೇಕೆಂದು ಠರಾವು ಬರೆದರು. ನಾವು ಕಾರ್ಯಕರ್ತೆಯರು ಅಲ್ಲೇ ಕೂತಿದ್ದೆವು. ನಾವೂ ತಲೆ ಆಡಿಸಿದೆವು. ಆ ಪುಸ್ತಕದಲ್ಲಿ ನಮ್ಮ ಸಹಿಯೂ ಇದೆ.

ಆಕೆಯ ಲೆಕ್ಕ ಚುಕ್ತಾ ಮಾಡಲು ಪುಸ್ತಕ ತೆಗೆದು ಕೂತಾಗ ಗೊತ್ತಾಯಿತು. ಎರಡು ಕಂತು ಆಕೆಯ ಪಾಸ್‌ಬುಕ್ಕಿನಲ್ಲಿ ಬರೆದಿತ್ತು, ಸಂಘದ ಲೆಡ್ಜರಿನಲ್ಲಿ ಇರಲಿಲ್ಲ. ಯಾರೂ ತಿಂದಿರಲಿಲ್ಲ, ಬರೆಯುವಾಗ ಹಾಳೆ ತಪ್ಪಿ ಇನ್ನೊಬ್ಬರ ಹೆಸರಿಗೆ ಏರಿತ್ತು. ಆಕೆ ಕೂಗಿದ್ದು ಸರಿಯಾಗೇ ಇತ್ತು. ದನಿ ಸರಿ ಇಲ್ಲ ಅಂತ ನಾವು ಮಾತನ್ನೇ ಕೇಳಿರಲಿಲ್ಲ.

ಅದೇ ತಿಂಗಳು ಊರಿನಲ್ಲಿ ರಕ್ತ ಪರೀಕ್ಷೆಯ ಶಿಬಿರ ಆಯಿತು. ಆಶಾ ಕಾರ್ಯಕರ್ತೆ ಒತ್ತಾಯ ಮಾಡಿ ಆಕೆಯನ್ನೂ ಕರೆದುಕೊಂಡು ಬಂದರು. ಹಿಮೋಗ್ಲೋಬಿನ್ ಏಳೂವರೆ ಬಂತು. ಗರ್ಭಿಣಿ ಅಲ್ಲದ ಹೆಣ್ಣುಮಗಳಿಗೆ ಕನಿಷ್ಠ 12 ಇರಬೇಕು. 8ಕ್ಕಿಂತ ಕಡಿಮೆ ಅಂದರೆ ತೀವ್ರ ರಕ್ತಹೀನತೆ. ತಿಂಗಳಿಗೆ ಹತ್ತು ದಿನ ಮುಟ್ಟು ಹೋಗುತ್ತಿತ್ತಂತೆ, ಯಾರಿಗೂ ಹೇಳಿರಲಿಲ್ಲ. ನಸುಕಿನಲ್ಲಿ ನೀರು, ಹಗಲೆಲ್ಲ ತೊಗರಿ ಹೊಲದಲ್ಲಿ ಕೂಲಿ, ರಾತ್ರಿ ಎಲ್ಲರೂ ಉಂಡ ಮೇಲೆ ಉಳಿದಿದ್ದರೆ ಊಟ. ನಡೆದರೆ ಎದೆ ಬಡಿದುಕೊಳ್ಳುತ್ತಿತ್ತು. ಅದಕ್ಕೇ ಸಭೆಗೆ ತಡವಾಗುತ್ತಿತ್ತು. ಆಕೆ ಹೇಳಿದ ಒಂದು ಮಾತು ನಾವು ಮರೆತಿಲ್ಲ. "ನನಗೂ ಗೊತ್ತಾಗ್ತಿತ್ತು ಅಕ್ಕಾ, ನಾ ಸುಮ್ಮನ ಚೀರ್ಲಾಕತ್ತೀನಿ ಅಂತ. ಬಾಯಿ ನನ್ನ ಮಾತು ಕೇಳ್ತಿರಲಿಲ್ಲ."

ಠರಾವು ರದ್ದು ಮಾಡಿದೆವು, ಲೆಕ್ಕ ಸರಿಪಡಿಸಿದೆವು, ಆಕೆಯ ಎದುರು ಕೂತು ತಪ್ಪಾಯಿತು ಅಂದೆವು. ಆಸ್ಪತ್ರೆಯಲ್ಲಿ ಚಿಕಿತ್ಸೆ ಆಯಿತು. ತಿಂಗಳುಗಟ್ಟಲೆ ಹಿಡಿಯಿತು, ಒಂದೇ ದಿನದಲ್ಲಿ ಏನೂ ಆಗಲಿಲ್ಲ. ಈಗಲೂ ಲೆಕ್ಕ ಓದುವಾಗ ಆಕೆ ದನಿ ಎತ್ತುತ್ತಾಳೆ. ಎತ್ತಲಿ. ಆ ಸಂಘದ ಲೆಕ್ಕ ಈಗ ತಪ್ಪುವುದಿಲ್ಲ.

ಒಲೆ ಎಲ್ಲಿ ಉರಿಯುತ್ತಿದೆ ನೋಡಿ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 2019-21ರ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ ಸುಮಾರು 48 ಜನರಿಗೆ ರಕ್ತಹೀನತೆ ಇದೆ. ಅಂದರೆ ಸಂಘದಲ್ಲಿ ಹದಿನೈದು ಜನ ಕೂತಿದ್ದರೆ ಏಳು ಜನ. ರಕ್ತ ಕಡಿಮೆಯಾದರೆ ಸುಸ್ತು, ತಲೆಸುತ್ತು, ಏದುಸಿರು ಬರುತ್ತದೆ. ಜೊತೆಗೆ ಸಣ್ಣದಕ್ಕೂ ಸಿಟ್ಟು, ಯಾವುದರಲ್ಲೂ ಮನಸ್ಸು ನಿಲ್ಲದಿರುವುದು. ಥೈರಾಯ್ಡ್ ಏರುಪೇರಾದರೂ ಹೀಗೇ ಆಗಬಹುದು. ಮುಟ್ಟಿನ ಮುಂಚಿನ ದಿನಗಳು, ಮುಟ್ಟು ನಿಲ್ಲುವ ವಯಸ್ಸು, ಹೆರಿಗೆಯ ನಂತರದ ತಿಂಗಳುಗಳು, ನಿದ್ದೆ ಇಲ್ಲದಿರುವುದು, ಇವೆಲ್ಲವೂ ಕಾರಣ. ನಮ್ಮ ಬೇಸಿಗೆಯಂತೂ ಕೇಳಲೇಬೇಡಿ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಬಿಸಿಲಿನಲ್ಲಿ ತಗಡಿನ ಕೆಳಗೆ ರೊಟ್ಟಿ ಬಡಿಯುವವಳ ತಲೆ ತಣ್ಣಗೆ ಇರುವುದಾದರೂ ಹೇಗೆ?

ಆದ್ದರಿಂದ ಮೊದಲು ಪರೀಕ್ಷೆ ಮಾಡಿಸಿಕೊಳ್ಳಿ. ಹಿಮೋಗ್ಲೋಬಿನ್ ಪರೀಕ್ಷೆಯನ್ನು ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಾಡುತ್ತಾರೆ. ಕಬ್ಬಿಣಾಂಶದ ಮಾತ್ರೆ ಅಲ್ಲಿ ಉಚಿತ. ಮಾತ್ರೆ ನುಂಗಿದ ಕೂಡಲೇ ಚಹಾ ಕುಡಿಯಬೇಡಿ, ಮಾತ್ರೆಯ ಸತ್ವ ಮೈಗೆ ಹತ್ತುವುದಿಲ್ಲ. ಲಿಂಬೆರಸ ಒಳ್ಳೆಯದು. ಸಜ್ಜಿ ರೊಟ್ಟಿ, ತೊಗರಿ ಬ್ಯಾಳಿ, ನುಗ್ಗೆಸೊಪ್ಪು, ಎಳ್ಳು ನಮ್ಮ ಅಡುಗೆಮನೆಯಲ್ಲೇ ಇವೆ. ಆದರೆ ಅವು ನಿಮ್ಮ ತಾಟಿಗೂ ಬೀಳಬೇಕು. ತೊಗರಿ ಕಣಜ ಅನ್ನಿಸಿಕೊಂಡ ನಾಡಿನ ಹೆಣ್ಣುಮಗಳ ತಾಟಿನಲ್ಲಿ ಬ್ಯಾಳಿಯ ಬದಲು ಬರೀ ಕಟ್ಟು ಇದ್ದರೆ ಏನು ಬಂತು? ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುವ ಗಾದೆಯಲ್ಲಿ ಊಟವನ್ನೂ ಮಾತನ್ನೂ ಹಿರಿಯರು ಸುಮ್ಮನೆ ಜೋಡಿಸಿಲ್ಲ. ಸರಿಯಾಗಿ ಉಣ್ಣದವಳ ಮಾತೂ ಸರಿಯಾಗಿ ಬರುವುದಿಲ್ಲ.

ಮನಸ್ಸು ಭಾರವಾಗಿದ್ದರೆ, ಅಳು ನಿಲ್ಲದಿದ್ದರೆ, ಬದುಕೇ ಬೇಡ ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ 2022ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಉಚಿತ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು. ಹುಚ್ಚು ಹಿಡಿದವರಿಗೆ ಮಾತ್ರ ಅದು ಅಂತ ತಿಳಿಯಬೇಡಿ.

ಎರಡು ಎಚ್ಚರಿಕೆ

ಒಂದು: ಎಲ್ಲ ಸಿಟ್ಟೂ ಕಾಯಿಲೆಯಲ್ಲ. ಗಂಡಾಳಿಗೆ ಕೊಡುವ ಕೂಲಿ ಹೆಣ್ಣಾಳಿಗೆ ಕೊಡದಿದ್ದರೆ ಸಿಟ್ಟು ಬರಲೇಬೇಕು. ದುಡಿದ ದುಡ್ಡು ಸಾರಾಯಿಗೆ ಹೋದರೆ ಬರಲೇಬೇಕು. ಅಂಥವಳಿಗೆ, "ಹೋಗವಾ, ಗುಳಿಗಿ ತಗೋ" ಅಂದರೆ ಅದು ಆಕೆಯ ಬಾಯಿ ಮುಚ್ಚಿಸಿದ ಹಾಗೆ. ನಮ್ಮ ಆ ತಂಗಿಯನ್ನು ನೆನೆಯಿರಿ. ಆಕೆಗೆ ಕಾಯಿಲೆಯೂ ಇತ್ತು, ಆಕೆಯ ದೂರಿನಲ್ಲಿ ನಿಜವೂ ಇತ್ತು. ಎರಡನ್ನೂ ಕೇಳಬೇಕು.

ಎರಡು: ಕಾರಣ ಇದೆ ಅಂತ ಸಿಡುಕನ್ನು ಮಕ್ಕಳ ಮೇಲೆ, ಸೊಸೆಯ ಮೇಲೆ, ವಯಸ್ಸಾದ ಅತ್ತೆಯ ಮೇಲೆ ಇಳಿಸಬಾರದು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು. ಸಾಸಿವೆ ಸಿಡಿದಾಗ ಹತ್ತಿರ ನಿಂತ ಕೂಸಿನ ಕೈ ಸುಡುತ್ತದೆ. ಒಲೆಯ ತಪ್ಪೇ ಇರಬಹುದು, ಆದರೆ ಸುಟ್ಟದ್ದು ಸುಟ್ಟದ್ದೇ. ಇವತ್ತು ಮೈಯಾಗ ಹುಷಾರಿಲ್ಲ, ತಲಿ ಕೆಟ್ಟದ, ಸ್ವಲ್ಪ ಹೊತ್ತು ನನ್ನ ಬಿಡ್ರಿ ಅಂತ ಬಾಯಿಬಿಟ್ಟು ಹೇಳುವುದನ್ನು ಕಲಿಯೋಣ. ಹಾಗೆ ಹೇಳಲು ನಾಚಿಕೆ ಬೇಡ.

ಮುಂದಿನ ಸಭೆಗೆ

ಸಹೋದರಿಯರೇ, ನಿಮ್ಮಲ್ಲಿ ನಮ್ಮದು ಇಷ್ಟೇ ವಿನಂತಿ. ಸಂಘದಲ್ಲಿ ಯಾರಾದರೂ ಹರಿಹಾಯ್ದರೆ ಆಕೆಗೆ ಹೆಸರಿಡುವ ಮೊದಲು ಮೂರು ಪ್ರಶ್ನೆ ಕೇಳಿ. ಉಂಡೀಯೇನವಾ? ರಾತ್ರಿ ನಿದ್ದಿ ಆಗ್ಯಾದೇನು? ನಿನ್ನ ಮಾತು ಏನದ, ಕುಂತು ಹೇಳು. ಈ ಮೂರನ್ನು ಕೇಳಲು ಐದು ನಿಮಿಷವೂ ಬೇಡ.

ಮನೆಗೆ ಹೋದ ಮೇಲೆ ಈ ಮಾತುಗಳನ್ನೂ ಸಂಘದಲ್ಲಿ ಚರ್ಚೆ ಮಾಡಿ:

1. ನಮ್ಮ ಸಂಘದಲ್ಲಿ ಯಾರಿಗಾದರೂ ಇಂಥ ಹೆಸರು ಇಟ್ಟಿದ್ದೇವೆಯೇ? ಆಕೆ ಹೇಳುತ್ತಿದ್ದ ಮಾತನ್ನು ನಾವು ಪೂರ್ತಿ ಕೇಳಿದ್ದೇವೆಯೇ?

2. ಸಂಘದ ಎಲ್ಲರೂ ಒಂದೇ ದಿನ ಹೋಗಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಳ್ಳಲು ಠರಾವು ಮಾಡೋಣವೇ?

3. ನಮ್ಮ ಮನೆಯಲ್ಲಿ ಎಲ್ಲರಿಗಿಂತ ಕಡೆಗೆ ಉಣ್ಣುವವರು ಯಾರು? ವಾರದಲ್ಲಿ ಕೆಲವು ದಿನವಾದರೂ ಎಲ್ಲರೂ ಕೂಡಿ ಉಣ್ಣಲು ಆಗುತ್ತದೆಯೇ?

ಆ ಕಾಲೇಜಿನ ಹುಡುಗಿಗೂ ನಾವು ಕ್ರ್ಯಾಂಕಿಯ ಹಳೆಯ ಅರ್ಥ ಹೇಳಿದೆವು. ಆಕೆ ಸ್ವಲ್ಪ ಹೊತ್ತು ಸುಮ್ಮನೆ ಕೂತಳು. ಆಮೇಲೆ ತಾಯಿಯ ಹತ್ತಿರ ಹೋಗಿ, "ಯವ್ವಾ, ನಾಳೆ ದವಾಖಾನಿಗೆ ಹೋಗಿ ಬರೂಣು ನಡಿ" ಅಂದಳು. ತಾಯಿ, "ನನಗೇನಾಗ್ಯಾದ ಧಾಡಿ!" ಅಂತ ಸಿಡುಕಿದರು. ಎಲ್ಲರೂ ನಕ್ಕರು. ಆದರೆ ಮರುದಿನ ಇಬ್ಬರೂ ಹೋಗಿ ಬಂದರು.

ನೀವೂ ಹೋಗಿ ಬನ್ನಿ. ನಿಮ್ಮ ಪಕ್ಕದವರನ್ನೂ ಕರೆದುಕೊಂಡು ಹೋಗಿ.